ಮಂದೆಗೆ ಬಂದ ಪಾರ್ಕಿಂಗ್

ನೇರಿಕಂಬೆ ಹಟ್ಟಿಯ ಧರ್ಮಲಿಂಗಂ ಗೌಡರ ಬಲಗೈಗೆ ಇದ್ದ ಮರ್ಯಾದೆ ಅವರ ಉಳಿದ ದೇಹಕ್ಕೆ ಇರಲಿಲ್ಲ. ಮಂಡಿ ನೋವು ಎಂದರೆ ಮನೆಯವರು ಟಿವಿಯಿಂದ ಕಣ್ಣು ತೆಗೆಯದೆ ಮುಲಾಮು ಕಿಟಕಿಯಲ್ಲಿದೆ ಎನ್ನುತ್ತಿದ್ದರು. ಅದೇ ಬೆಳಿಗ್ಗೆ ತಲೆಗೆ ಬಿಳಿ ರುಮಾಲು ಸುತ್ತಿಕೊಂಡು ಚಹಾ ಅಂಗಡಿಗೆ ಹೊರಟರೆ, ದಾರಿಯಲ್ಲಿ ಸಿಕ್ಕ ಕಿರಿಯರೆಲ್ಲ ತಲೆ ಬಾಗಿಸಿ ನಿಲ್ಲುತ್ತಿದ್ದರು. ಗೌಡರು ಆ ತಲೆಗಳ ಮೇಲೆ ಕೈಯಿಟ್ಟು, "ಒಳ್ಳಿತಾಗಲಿ, ಹಿಡಿದದ್ದು ಕೈಗೂಡಲಿ" ಎಂದು ಹರಸುತ್ತಿದ್ದರು. ಊಟಿ ಸೀಮೆಯ ಬಡಗ ಜನರಲ್ಲಿ ಇದೇ ನಮಸ್ಕಾರ, ಇದೇ ಕುಶಲ ಸಮಾಚಾರ. ಬಾಗಿದ ತಲೆಯನ್ನು ಮುಟ್ಟದೆ ಮುಂದೆ ಹೋಗುವುದೂ ಕಪಾಳಕ್ಕೆ ಹೊಡೆಯುವುದೂ ಒಂದೇ. ಇನ್ನೂರು ಹೆಜ್ಜೆಯ ದಾರಿಗೆ ಗೌಡರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು, ಅದು ಅವರಿಗೆ ಬೇಕಾಗಿಯೂ ಇತ್ತು.

ಆ ವರ್ಷ ಊರಿಗೆ ನಿಜವಾದ ಒಂದು ತೊಂದರೆ ಬಂದಿತ್ತು. ಹಟ್ಟಿಯ ತುದಿಯಲ್ಲಿ ನಿಂತರೆ ಕೆತ್ತಿಯ ಕಣಿವೆ ಪೂರ್ತಿ ಕಾಣುತ್ತದೆ. ಯಾರೋ ಪುಣ್ಯಾತ್ಮ ಅದನ್ನು ಮೊಬೈಲಿನಲ್ಲಿ ಹಿಡಿದು ಲೋಕಕ್ಕೆಲ್ಲ ತೋರಿಸಿಬಿಟ್ಟ. ಅಲ್ಲಿಂದ ಶನಿವಾರ ಭಾನುವಾರ ಬಂತೆಂದರೆ ಕಾರುಗಳು ಹಟ್ಟಿಯ ರಸ್ತೆಯ ಎರಡೂ ಬದಿಗೆ ಬೇಲಿ ಕಟ್ಟಿದ ಹಾಗೆ ನಿಲ್ಲುತ್ತಿದ್ದವು. ಚಹಾ ಎಲೆ ಹೊತ್ತ ಪಿಕಪ್ಪು ಫ್ಯಾಕ್ಟರಿಗೆ ಹೋಗಲಾಗದೆ ಎಲೆ ದಾರಿಯಲ್ಲೇ ಬೆಂದು ಕಪ್ಪಾಗುತ್ತಿತ್ತು. ಇದಕ್ಕೊಂದು ದಾರಿ ಹುಡುಕಬೇಕೆಂದು ಎಲ್ಲರೂ ಕೇಳಿದರು. ಕೇಳಿದ್ದನ್ನು ಕೊಡುವ ಸರಕಾರ ಎಷ್ಟು ಅಪಾಯಕಾರಿ ಎಂಬುದು ಅವರಿಗೆ ಗೊತ್ತಿರಲಿಲ್ಲ.

ನೇರಿಕಂಬೆ ಪಟ್ಟಣ ಪಂಚಾಯತಿಯ ತಲೈವರ್, ಅಂದರೆ ಅಧ್ಯಕ್ಷ, ಸೆಲ್ವಕುಮಾರ್ ಅದೇ ಹಟ್ಟಿಯವನು, ಗೌಡರಿಗೆ ವರಸೆಯಲ್ಲಿ ತಮ್ಮನ ಮಗ. ಅವನು ಸಮುದಾಯ ಭವನದಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ ಕರೆದ. ಚಹಾ, ಬಿಸ್ಕತ್ತು, ಗೋಡೆಯ ಮೇಲೆ ಬೆಳಕಿನ ಚಿತ್ರಗಳು. ಚಿತ್ರದಲ್ಲಿ ನೆರಳು ಕೊಡುವ ಮರಗಳು, ನಗುವ ಮಕ್ಕಳು, ಶಿಸ್ತಾಗಿ ನಿಂತ ಕಾರುಗಳು. ಅದೆಲ್ಲ ಎಲ್ಲಿ ಎಂಬುದನ್ನು ಮಾತ್ರ "ಯೋಗ್ಯವಾದ ಜಾಗದಲ್ಲಿ" ಎಂದು ಬರೆದಿದ್ದರು. ಯಾರಾದರೂ ಕೇಳುವಷ್ಟರಲ್ಲಿ ಸೆಲ್ವಕುಮಾರ್ ವೇದಿಕೆಯಿಂದ ಇಳಿದು ಬಂದು, ಮುಂದಿನ ಸಾಲಿನಲ್ಲಿದ್ದ ಗೌಡರ ಎದುರು ತಲೆ ಬಾಗಿಸಿ ನಿಂತ.

"ದೊಡ್ಡಪ್ಪಾ, ಒಂದು ಒಳ್ಳೆ ಕೆಲಸಕ್ಕೆ ಕೈ ಹಾಕೀನೆ. ಹರಸಿ."

ಗೌಡರು ಯೋಚಿಸಲೇ ಇಲ್ಲ, ಅವರ ಕೈ ಎಂದೂ ಅವರನ್ನು ಕೇಳಿ ಏಳುತ್ತಿರಲಿಲ್ಲ. ತಲೈವರ್ ಆದವನು ಇಡೀ ಸಭೆಯ ಎದುರು ಬಾಗಿದ್ದಾನೆ ಎಂಬ ಸಂತೋಷಕ್ಕೆ ದನಿ ಎಂದಿಗಿಂತ ಸ್ವಲ್ಪ ಜೋರಾಗಿಯೇ ಬಂತು. "ಒಳ್ಳಿತಾಗಲಿ. ಹಿಡಿದದ್ದು ಕೈಗೂಡಲಿ." ಫೋಟೋದವನು ಮೂರು ಕಡೆಯಿಂದ ಹಿಡಿದುಕೊಂಡ. ಜನ ಬಿಸ್ಕತ್ತು ತಿಂದು ಮನೆಗೆ ಹೋದರು.

ಕೆಲವು ವಾರ ಕಳೆದ ಮೇಲೆ ರಸ್ತೆಯ ತಿರುವಿನಲ್ಲಿ ದೊಡ್ಡ ಫ್ಲೆಕ್ಸ್ ಎದ್ದಿತು. ಗೌಡರು ಮೊದಲು ನೋಡಿದ್ದು ತಮ್ಮ ಮುಖವನ್ನೇ. ರುಮಾಲು ನೆಟ್ಟಗೆ ಕೂತಿದೆ, ಮೀಸೆ ಚೆನ್ನಾಗಿ ಬಂದಿದೆ, ಕೈ ಸೆಲ್ವಕುಮಾರನ ತಲೆಯ ಮೇಲಿದೆ. ಎರಡು ಸಲ ಹಿಂದೆ ಸರಿದು ನೋಡಿ ಸಂತೋಷಪಟ್ಟರು. ಮೂರನೆಯ ಸಲ ಕೆಳಗಿನ ಅಕ್ಷರ ಓದಿದರು. ಊರ ಹಿರಿಯರ ಪೂರ್ಣ ಒಪ್ಪಿಗೆಯೊಂದಿಗೆ, ನೇರಿಕಂಬೆ ಮಂದೆಯಲ್ಲಿ, ನಲವತ್ತು ವಾಹನಗಳ ಸುಸಜ್ಜಿತ ಪಾರ್ಕಿಂಗ್.

ಮಂದೆ ಎಂದರೆ ಮನೆಗಳ ಸಾಲಿನ ಮುಂದಿನ ಹುಲ್ಲುಬಯಲು. ಊರಿನಲ್ಲಿ ಯಾರು ಸತ್ತರೂ ಅವರನ್ನು ಅಲಂಕರಿಸಿದ ಮಂಚದ ಮೇಲೆ ಒಂದು ಹಗಲು ಅಲ್ಲಿ ಮಲಗಿಸುತ್ತಾರೆ. ಸುತ್ತಲ ಹಟ್ಟಿಗಳ ಜನ ಬರುತ್ತಾರೆ, ಮಂಚದ ಸುತ್ತ ಹೆಜ್ಜೆ ಹಾಕುತ್ತಾರೆ, ಕೊನೆಗೆ ಒಬ್ಬ ಹಿರಿಯ ಪಾಪಗಳನ್ನು ಹೇಳಿ ಕಳಿಸಿಕೊಡುತ್ತಾನೆ. ಹುಟ್ಟಿದವರು ಎಲ್ಲಿ ಬೇಕಾದರೂ ಹುಟ್ಟಲಿ, ಕೂನೂರಿನ ಆಸ್ಪತ್ರೆಯಲ್ಲೋ ಅರವಂಕಾಡಿನ ಕ್ವಾರ್ಟರ್ಸಿನಲ್ಲೋ. ಹೋಗುವುದು ಮಾತ್ರ ಮಂದೆಯಿಂದ.

ಮನೆಯಲ್ಲಿ ಗೌಡರ ತಾಯಿ ಚಿನ್ನಮ್ಮಾಳ್, ಕಿರಿಯರಿಗೆಲ್ಲ ಹೆತ್ತೆ ಎಂದರೆ ಅಜ್ಜಿ, ಬಿಸಿಲು ಕಾಯುತ್ತ ಕೂತಿದ್ದರು. ಎಂಬತ್ತೇಳು ವರ್ಷದ ಮುದುಕಿ; ಹಲ್ಲು ಹೋಗಿದ್ದವು, ನಾಲಗೆ ಹೋಗಿರಲಿಲ್ಲ. ಸುದ್ದಿ ಮಗನಿಗಿಂತ ಮೊದಲೇ ಮನೆ ಮುಟ್ಟಿತ್ತು.

"ನಿನ್ನ ಕೈ ಏನು ರಬ್ಬರ್ ಸ್ಟಾಂಪಾ, ಲಿಂಗಾ? ಕಂಡ ಕಂಡ ತಲೆ ಮೇಲೆಲ್ಲ ಒತ್ತಿಯೆ."

"ಬಾಗಿದ ತಲೆಗೆ ಕೈ ಇಡದೆ ಇರಕಾಗತ್ತಾ, ಅವ್ವೆ?"

"ಇರಕಾಗ. ಅದು ಅವನಿಗೂ ಗೊತ್ತು, ಅದಕ್ಕೇ ಬಾಗಿದ." ಮುದುಕಿ ಮಂದೆಯ ಕಡೆ ಕೈ ತೋರಿದರು. "ಎನ್ನ ಗಂಡ ಅಲ್ಲಿ ಮಲಗಿ ಹೋದ. ನಾನೂ ಒಂದು ಹಗಲು ಅಲ್ಲಿ ಮಲಗಿಯೇ ಹೋಪೆ. ಕಾರು ನಿಲ್ಲಸ್ತಿಯೋ, ರೈಲು ನಿಲ್ಲಸ್ತಿಯೋ, ಎನಗೆ ಗೊತ್ತಿಲ್ಲೆ. ಎನ್ನ ಜಾಗ ಎನಗೆ ಬೇಕು."

ಗೌಡರು ಮರುದಿನವೇ ಪಂಚಾಯತಿ ಕಚೇರಿಗೆ ಹೋದರು. ಅಧಿಕಾರಿ ಕೆಳನಾಡಿನವನು, ಮರ್ಯಾದಸ್ಥ. ಎದ್ದು ಕುರ್ಚಿ ಕೊಟ್ಟ. ಕೊಟ್ಟ ಆಶೀರ್ವಾದವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ ಎಂದು ಗೌಡರು ವಿವರಿಸಿದರು. ಅವನು ಗಂಭೀರವಾಗಿ ಯೋಚಿಸಿದ. ಒಪ್ಪಿಗೆ ಹಿಂಪಡೆಯಲು ಅರ್ಜಿ ಇದೆ, ಆಕ್ಷೇಪಣೆಗೆ ಅರ್ಜಿ ಇದೆ, ಆಶೀರ್ವಾದಕ್ಕೆ ಇಲ್ಲ. ಆಕ್ಷೇಪಣೆಯ ಗಡುವು ಹೋದ ವಾರವೇ ಮುಗಿದಿತ್ತು. ಅದನ್ನು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಬೋರ್ಡು ಅವನ ಕುರ್ಚಿಯ ಹಿಂದೆ, ಬೀರುವಿನ ಮರೆಯಲ್ಲಿತ್ತು.

"ಅಯ್ಯಾ, ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ," ಎಂದ ಅಧಿಕಾರಿ. "ನಿಮ್ಮ ಊರಲ್ಲಿ ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆ?"

"ಮೂರೋ ನಾಲ್ಕೋ."

"ನೋಡಿದಿರಾ? ಉಳಿದ ದಿನವೆಲ್ಲ ಜಾಗ ಖಾಲಿ. ಮೇಲಿನಿಂದ ಕೇಳುತ್ತಾರೆ. ಬಳಕೆ ಸಾಲದು ಎಂದು ಬರೆಯುತ್ತಾರೆ."

ಇದನ್ನು ಕೇಳಿ ಚಿನ್ನಮ್ಮಾಳ್, ಬಳಕೆ ಹೆಚ್ಚಿಸಬೇಕಾದರೆ ಮೊದಲು ಪಂಚಾಯತಿ ಸದಸ್ಯರೇ ಊರಿಗೆ ಮಾದರಿಯಾಗಲಿ ಎಂದರು.

ಹಟ್ಟಿಯಲ್ಲಿ ಕೂಟ ಸೇರಿತು. ತಡೆಯಬೇಕು, ಊಟಿಗೆ ಹೋಗಿ ಕಲೆಕ್ಟರಿಗೆ ಮನವಿ ಕೊಡಬೇಕು ಎಂದು ಎಲ್ಲರೂ ಕೂಗಾಡಿದರು. ಸೆಲ್ವಕುಮಾರ್ ಜಾಣ. ಊರಿನವರಿಗೇ ಕೆಲಸ ಎಂದು ಸಾರಿ, ಎಲ್ಲರ ಮೂಗಿಗೂ ಒಂದೊಂದು ಬೊಟ್ಟು ತುಪ್ಪ ಸವರಿದ. ಒಬ್ಬನಿಗೆ ಜಲ್ಲಿ ಹೊಡೆಯುವ ಗುತ್ತಿಗೆ, ಒಬ್ಬನಿಗೆ ಜೋಳ ಸುಡುವ ಅಂಗಡಿ, ಇನ್ನೊಬ್ಬನಿಗೆ ಕಾವಲು. ಟಿಕೆಟ್ ಹರಿಯುವ ಕೆಲಸ ಗೌಡರ ಸೊಸೆ ಕಲೈಸೆಲ್ವಿಗೆ ಬಂತು. ಬಿ.ಕಾಂ. ಓದಿ ಆರು ವರ್ಷದಿಂದ ಚಹಾ ಚಿಗುರು ಕೀಳುತ್ತಿದ್ದ ಹೆಣ್ಣು. ಸಂಬಳದ ಕೆಲಸ ಎಂದಾಗ ಅವಳ ಮುಖದಲ್ಲಿ ಬೆಳಕು ಬಂತು. ಬೇಡ ಎನ್ನಲು ಗೌಡರಿಗೆ ಬಾಯಿ ಬರಲಿಲ್ಲ. ಬಾಯಿ ಬಾರದ್ದನ್ನು ಊರು ನೋಡಿತು. ಮನವಿ ಬರೆಯುವವರು ಒಬ್ಬೊಬ್ಬರೇ ಕಡಿಮೆಯಾದರು.

ಎಲ್ಲರೂ ಸೇರಿ ಮಾಡಿದ ತಪ್ಪಿಗೆ ಒಬ್ಬ ಬೇಕಲ್ಲ, ಗೌಡರು ಸಿಕ್ಕಿದರು. ಬೆಳಿಗ್ಗೆ ಅವರು ಚಹಾ ಅಂಗಡಿಗೆ ಹೊರಟರೆ ಜನ ಫೋನು ನೋಡತೊಡಗಿದರು, ಇಲ್ಲವೇ ಅದೇ ಹೊತ್ತಿಗೆ ಚಪ್ಪಲಿ ಸರಿಮಾಡಿಕೊಂಡರು. ಇನ್ನೂರು ಹೆಜ್ಜೆಯ ದಾರಿ ಈಗ ಎರಡೇ ನಿಮಿಷ. ಒಂದು ದಿನ ಬಾಗಿದ ತಲೆಯೊಂದನ್ನು ಕಂಡು ಗೌಡರು ಆಸೆಯಿಂದ ಕೈ ಎತ್ತಿದರು. ಅವನು ಬಿದ್ದ ಬೀಗದಕೈ ಎತ್ತಿಕೊಳ್ಳುತ್ತಿದ್ದ. ಅವತ್ತು ಮನೆಗೆ ಬಂದು ಗೌಡರು ಊಟ ಮಾಡಲಿಲ್ಲ. ಅವರಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ದುಃಖವಾಗಿತ್ತು.

ಪಾರ್ಕಿಂಗ್ ಆಯಿತು. ಹುಲ್ಲು ಕೆತ್ತಿ ಸಿಮೆಂಟಿನ ಇಟ್ಟಿಗೆ ಹಾಸಿದರು, ಬಿಳಿ ಗೆರೆ ಎಳೆದರು, ನಂಬರು ಬರೆದರು. ಚಿತ್ರದಲ್ಲಿದ್ದ ಮರಗಳು ಚಿತ್ರದಲ್ಲೇ ಉಳಿದವು. ಮೊದಲ ವಾರ ಬಂದು ನಿಂತದ್ದು ಒಂದು ಕಾಟಿ. ಆ ಕಾಡುಕೋಣ ಹುಲ್ಲು ಹುಡುಕಿಕೊಂಡು ಬಂದು, ಹನ್ನೊಂದನೇ ನಂಬರಿನ ಗೆರೆಯೊಳಗೆ ಸರಿಯಾಗಿ ನಿಂತು, ಸಗಣಿ ಹಾಕಿ ಹೋಯಿತು. ಆಮೇಲೆ ಬಂದ ಯಾವ ಕಾರೂ ಅಷ್ಟು ಸರಿಯಾಗಿ ನಿಲ್ಲಲಿಲ್ಲ.

ಮೇ ತಿಂಗಳ ಒಂದು ಭಾನುವಾರ, ಸೀಸನ್ ತುಂಬಿ ತುಳುಕುತ್ತಿದ್ದಾಗ, ಚಿನ್ನಮ್ಮಾಳ್ ಬೆಳಗಿನ ಕಾಫಿ ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ಬೈದು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಗೌಡರು ಮಗುವಿನ ಹಾಗೆ ಅತ್ತರು. ಅಳು ನಿಂತ ಮೇಲೆ ಅವರಿಗೆ ಹೊಳೆದದ್ದು ಒಂದೇ ಮಾತು: ಎನ್ನ ಜಾಗ ಎನಗೆ ಬೇಕು. ಮಂಚ ಹೊತ್ತ ನಾಲ್ವರ ಜೊತೆ ಅವರು ಮಂದೆಯ ಗೇಟಿಗೆ ಬಂದರು.

ಗೇಟಿನಲ್ಲಿ ಪಾರ್ಕಿಂಗ್ ಗುತ್ತಿಗೆ ಹಿಡಿದವನ ಮ್ಯಾನೇಜರ್ ಇದ್ದ. ಕೆಟ್ಟವನಲ್ಲ, ಕೈಮುಗಿದೇ ಮಾತಾಡಿದ. "ಇಲ್ಲಿ ವಾಹನ ಬಿಟ್ಟು ಬೇರೇನೂ ಇಡುವ ಹಾಗಿಲ್ಲ, ಅಯ್ಯಾ. ಕರಾರಿನಲ್ಲೇ ಇದೆ. ಕ್ಯಾಮರಾ ಇದೆ. ನನ್ನ ಕೆಲಸ ಹೋಗುತ್ತದೆ." ಒಳಗೆ ಕೇರಳ, ಕರ್ನಾಟಕ, ಆಂಧ್ರ ಎಲ್ಲ ಒಗ್ಗಟ್ಟಾಗಿ ನಿಂತಿದ್ದವು. ಜನ ಕಣಿವೆಗೆ ಬೆನ್ನು ಹಾಕಿ ಕಣಿವೆಯ ಫೋಟೋ ತೆಗೆದುಕೊಳ್ಳುತ್ತಿದ್ದರು. ಮಂಚ ಹೊತ್ತವರು ಹೆಗಲು ಬದಲಿಸಿದರು.

ಟಿಕೆಟ್ ಗೂಡಿನಲ್ಲಿದ್ದ ಕಲೈಸೆಲ್ವಿ ಕಣ್ಣೊರೆಸಿಕೊಂಡು ಹೊರಗೆ ಬಂದಳು.

"ಮಾವಾ, ಎಲೆ ಪಿಕಪ್ಪು ತನ್ನಿ."

"ಏನಕ್ಕೆ?"

"ತನ್ನಿ, ಮಾವಾ. ಹೆತ್ತೆಯ ಅದರ ಮೇಲೆ ಮಲಗಿಸಿ. ಪಿಕಪ್ಪು ವಾಹನ ತಾನೇ?"

ಪಿಕಪ್ಪು ಬಂತು. ಎಲೆಯ ಚೀಲಗಳನ್ನು ಇಳಿಸಿ, ಹಿಂಬದಿ ತೊಳೆದು, ಮಂಚವನ್ನು ಮೇಲಿಟ್ಟರು. ಕಲೈಸೆಲ್ವಿ ಗೂಡಿನೊಳಗೆ ಹೋಗಿ, ನಾಲ್ಕು ಚಕ್ರ, ಪೂರ್ತಿ ದಿನ ಎಂದು ಟಿಕೆಟ್ ಹರಿದು, ಹಣವನ್ನು ತನ್ನ ಪರ್ಸಿನಿಂದಲೇ ಪೆಟ್ಟಿಗೆಗೆ ಹಾಕಿ, ಚೀಟಿಯನ್ನು ಗಾಜಿನ ಒರೆಸುಕಡ್ಡಿಗೆ ಸಿಕ್ಕಿಸಿದಳು. ಮ್ಯಾನೇಜರ್ ಕರಾರನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡು ಗೇಟು ತೆಗೆದ. ನಂಬರ್ ಪ್ಲೇಟು ಜಿಲ್ಲೆಯದೇ ಆದ್ದರಿಂದ ಹೊರಗಿನ ವಾಹನಗಳಿಗೆ ಬೇಕಾದ ಇ-ಪಾಸ್ ಕೂಡ ಕೇಳುವ ಹಾಗಿರಲಿಲ್ಲ.

ಹೀಗೆ ಚಿನ್ನಮ್ಮಾಳ್ ಮಂದೆಯ ನಡುವೆ, ಇಪ್ಪತ್ತೆರಡನೇ ನಂಬರಿನಲ್ಲಿ, ಬಿಸಿಲಿಗೆ ಮುಖ ಮಾಡಿ ಮಲಗಿದರು. ಕಾಲಡಿ ಹುಲ್ಲಿರಲಿಲ್ಲ, ಸಿಮೆಂಟು ಸುಡುತ್ತಿತ್ತು. ಸುತ್ತಲ ಹಟ್ಟಿಗಳ ಜನ ಬಿಳಿ ಬಟ್ಟೆಯಲ್ಲಿ ಸಾಲುಸಾಲಾಗಿ ಬಂದರು. ಕಾರುಗಳ ನಡುವೆ ಸಂದು ಮಾಡಿಕೊಂಡು ಹೆಜ್ಜೆ ಹಾಕಿದರು. ಕೊಳಲು, ತಮಟೆ ಎದ್ದ ಮೇಲೆ ಪ್ರವಾಸಿಗರು ಮೊದಲು ವಿಡಿಯೋ ಮಾಡಿದರು, ಆಮೇಲೆ ಮಂಚದ ಮೇಲಿದ್ದದ್ದು ಏನೆಂದು ತಿಳಿದು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಸೆಲ್ವಕುಮಾರ್ ಕೂಡ ಬಂದ. ತಲೈವರ್ ಆಗಿದ್ದರೂ ಹಟ್ಟಿಯವನು. ಸಾವಿಗೆ ಬರದಿದ್ದರೆ ಅವನ ಸಾವಿಗೆ ಯಾರು ಬರುತ್ತಾರೆ? ಬಿಳಿ ಹೊದಿಕೆ ಹೊದ್ದು ಗಂಡಸರ ಸಾಲಿನಲ್ಲಿ ನಿಂತ.

ಪಾಪ ಹೇಳುವ ಹೊತ್ತು ಬಂತು. ಹೆತ್ತ ಮಗನೇ ಹೇಳುವ ವಾಡಿಕೆಯಿಲ್ಲ. ಬೇರೆ ಹಿರಿಯನೊಬ್ಬ ಮುಂದೆ ಬಂದಾಗ ಗೌಡರು ಅವನ ತೋಳು ಹಿಡಿದರು. "ನಾನೇ ಹೇಳೀನೆ," ಎಂದರು. ಯಾರೂ ಬೇಡವೆನ್ನಲಿಲ್ಲ. ಹೇಳುವುದು ಸತ್ತವರೊಬ್ಬರ ಪಾಪವನ್ನಲ್ಲ. ತಲೆತಲಾಂತರದಿಂದ ಕುಲದವರೆಲ್ಲ ಮಾಡಿದ್ದಿರಬಹುದಾದ ತಪ್ಪುಗಳನ್ನು ಹೇಳಿ, ಹೋಗುವವರ ಜೊತೆ ಕಳಿಸಿಬಿಡುವುದು. ಒಬ್ಬ ಹೇಳುತ್ತಾನೆ, ನೆರೆದವರೆಲ್ಲ ಒಂದೇ ದನಿಯಲ್ಲಿ ಪಾಪ ಎನ್ನುತ್ತಾರೆ.

"ನೆರೆಯವನ ಹೊಲದ ಗಡಿ ಸರಿಸಿದ್ದು," ಎಂದರು ಗೌಡರು.

"ಪಾಪ," ಎಂದಿತು ಊರು.

"ಕರುವಿಗೆ ಬಿಡದೆ ಹಾಲು ಕರೆದದ್ದು."

"ಪಾಪ."

"ಬಂದ ನೆಂಟರಿಗೆ ಒಲೆ ಆರಿದೆ ಎಂದದ್ದು."

"ಪಾಪ."

ದನಿ ಒಂದು ಲಯಕ್ಕೆ ಬಿದ್ದಿತ್ತು, ಹೇಳುವವರ ಬಾಯಿಯೂ ಅನ್ನುವವರ ಬಾಯಿಯೂ ತಾವಾಗಿ ಆಡುತ್ತಿದ್ದವು. ಗೌಡರು ಉಸಿರೆಳೆದುಕೊಂಡರು.

"ಸತ್ತವರ ಮಂದೆಯನ್ನ ಕಾರಿಗೆ ಕೊಟ್ಟದ್ದು."

"ಪಾಪ," ಎಂದಿತು ಊರು. ಜಲ್ಲಿ ಹೊಡೆದವನು ಅಂದ, ಜೋಳ ಸುಡುವವನು ಅಂದ, ಕಾವಲಿನವನು ಅಂದ, ಗೂಡಿನ ಬಾಗಿಲಲ್ಲಿ ನಿಂತ ಕಲೈಸೆಲ್ವಿ ಅಂದಳು. ಎಲ್ಲರಿಗಿಂತ ಗಟ್ಟಿಯಾಗಿ ಅಂದವನು ಸೆಲ್ವಕುಮಾರ್, ಭಾಷಣದ ಗಂಟಲು ಅವನದು. ಅಂದ ಮೇಲೆ ಅಂದದ್ದೇನೆಂದು ಅವನಿಗೆ ತಿಳಿಯಿತು. ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಆಮೇಲೆ ಏನೋ ಹಗುರವಾದ ಹಾಗೆ ಸಾಲಿನಲ್ಲಿ ಒಂದು ಉಸಿರು ಹೊರಬಿತ್ತು. ಹೇಳಿ ಆಯಿತಲ್ಲ, ಮುದುಕಿಯ ಜೊತೆ ಅದೂ ಹೋಗುತ್ತದೆ. ನಾಳೆ ಬೆಳಿಗ್ಗೆ ಗೇಟು ಎಂದಿನ ಹಾಗೆ ತೆರೆಯಬಹುದು. ಸೆಲ್ವಕುಮಾರ್ ಕೂಡ ಹೊದಿಕೆ ಸರಿಮಾಡಿಕೊಂಡು, ಸಮಾಧಾನದಿಂದ ಮಂಚಕ್ಕೆ ಹೆಗಲು ಕೊಡಲು ಮುಂದೆ ಬಂದ.

ಗೌಡರಿಗೆ ಮಾತ್ರ ಹಗುರವಾಗಲಿಲ್ಲ. ಊರೆಲ್ಲ ಸೇರಿ ಮಾಡಿದ್ದನ್ನು, ಬೇಡ ಎಂದ ಒಬ್ಬಳೇ ಒಬ್ಬಳ ತಲೆಗೆ ಕಟ್ಟಿ ಕಳಿಸುತ್ತಿದ್ದರು, ಅದನ್ನು ಕಟ್ಟಿದವರು ತಾವೇ. ಅವರು ತಾಯಿಯ ಮುಖವನ್ನು ನೋಡುತ್ತ ನಿಂತರು. ಬದುಕಿರುವಷ್ಟು ದಿನ ಒಂದು ಮಾತಿಗೂ ಬಿಟ್ಟುಕೊಡದಿದ್ದವಳು ಇದಕ್ಕೆ ಏನಾದರೂ ಅನ್ನುತ್ತಾಳೆಂದು ಕಾದರು.