ತುಂಬಿ ಕೊಟ್ಟ ಚಹಾ

ಯೆಕಟೆರಿನ್‌ಬರ್ಗ್‌ನ ಸಂತೆಯಲ್ಲಿ ಒಂದು ಲೋಟ ಚಹಾಕ್ಕೆ ಮೂವತ್ತು ರೂಬಲ್, ಸಕ್ಕರೆ ಸೇರಿ. ಅಲ್ಮಾಟಿಯಲ್ಲಿ ನೂರು ತೆಂಗೆ, ಹಾಲು ಬೇಕೆಂದರೆ ಇನ್ನೂ ಐವತ್ತು. ಬುರ್ಸಾದಲ್ಲಿ ಐದು ಲಿರಾ; ಅಂಗಡಿಯವನಿಗೆ ನೀವು ಹಿಡಿಸಿದರೆ ಅದನ್ನೂ ತೆಗೆದುಕೊಳ್ಳುವುದಿಲ್ಲ. ನಮ್ಮ ಕೋಕಂದಿನಲ್ಲಿ ಒಂದು ಕೆಟಲ್ ಹಸಿರು ಚಹಾಕ್ಕೆ ಮೂರು ಸಾವಿರ ಸೋಮ್, ಇಡೀ ಮಧ್ಯಾಹ್ನ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ಇಷ್ಟು ಕಡೆ ಕುಡಿದಿದ್ದೇನೆ. ಆದರೂ ನನಗೆ ತೀರಾ ತುಟ್ಟಿಯಾಗಲಿದ್ದ ಚಹಾ ನನ್ನ ಮನೆಯಲ್ಲೇ, ನನ್ನ ಮಗಳೇ ಸುರಿದದ್ದು.

ನಮ್ಮಲ್ಲಿ ಅತಿಥಿಯ ಬಟ್ಟಲಿಗೆ ಎರಡು ಗುಟುಕಿನಷ್ಟೇ ಸುರಿಯುವುದು. ಖಾಲಿಯಾದಂತೆ ಮತ್ತೆ ಸುರಿಯಬೇಕು, ಮತ್ತೆ ಮಾತಾಡಿಸಬೇಕು. ತುಂಬಿ ಕೊಟ್ಟರೆ ‘ಕುಡಿದು ಹೊರಡಿ’ ಎಂದಂತೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಯೆಕಟೆರಿನ್‌ಬರ್ಗ್‌ನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ಸೇರಿದ ಮೊದಲ ದಿನವೇ ಅಡುಗೆಯ ಗಾಲ್ಯಾ ನನ್ನ ಮುಂದೆ ಇಷ್ಟು ದೊಡ್ಡ ಮಗ್ಗಿನಲ್ಲಿ ಕಂಠಮಟ್ಟ ಚಹಾ ಇಟ್ಟಳು. ಕೆಲಸ ಹೋಯಿತೆಂದುಕೊಂಡೆ. ನಿಂತೇ ಕುಡಿದು ಕೋಟು ಹಾಕಿಕೊಂಡೆ.

“ಎಲ್ಲಿಗೆ ಹೊರಟೆ ಮಹಾರಾಯ್ತಿ? ಪಾತ್ರೆ ನಿಮ್ಮಪ್ಪ ಬಂದು ತೊಳೀತಾನಾ?” ಎಂದಳು.

ಪ್ರೀತಿಯಿಂದಲೇ ತುಂಬಿದ್ದಳು, ಪುಣ್ಯಾತ್ಗಿತ್ತಿ. ಆ ಚಳಿಯ ಊರಲ್ಲಿ ಅರ್ಧ ಕೊಟ್ಟರೆ ಜಿಪುಣಿ ಎನ್ನುತ್ತಾರೆ. ಆಮೇಲೆ ಅಲ್ಮಾಟಿಯ ಬಜಾರಿನಲ್ಲಿ ಎರಡು ವರ್ಷ ಒಣಹಣ್ಣು ಮಾರಿದೆ. ಕಜಕರು ನಮ್ಮ ಹಾಗೆಯೇ ಕಡಿಮೆ ಸುರಿಯುವವರು. ಅಲ್ಲಿ ಜೀವ ಹಗುರವಾಗಿತ್ತು.

ಕೊನೆಗೆ ಬುರ್ಸಾ. ನೆರ್ಮಿನ್ ಎಂಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಮಗಳು ಜಿಲೋಲಾಳನ್ನೂ ಕರೆದುಕೊಂಡು ಹೋಗಿದ್ದೆ. ಹಗಲು ಅವಳು ಟವೆಲು ಹೊಲಿಯುವ ಕಾರ್ಖಾನೆಗೆ ಹೋಗುವಳು, ಸಂಜೆ ಅಜ್ಜಿಗೆ ಚಹಾ ಕೊಡುವಳು. ಮೊದಲ ಸಂಜೆಯೇ ಅಜ್ಜಿ ಲೋಟವನ್ನು ದೀಪಕ್ಕೆ ಹಿಡಿದು ನೋಡಿತು.

“ಇದೇನೇ ಹುಡುಗಿ, ಔಷಧಿನಾ? ನನ್ನ ಮನೆ ಚಹಾ ನಂಗೇ ಅಳೆದು ಕೊಡ್ತೀಯಾ?”

ನಾನು ಮಗಳಿಗೆ ಹೇಳಿದೆ: “ತುಂಬಿ ಕೊಡು ಕೂಸೇ. ಯಾರ ಮನೆ ರೊಟ್ಟಿ ತಿಂತೀವೋ ಅವರ ಅಳತೆ ನಮ್ದು.”

ಮೂರು ವರ್ಷ ಅವಳು ತುಂಬಿ ಕೊಟ್ಟಳು. ಬರಬರುತ್ತಾ ಅಜ್ಜಿ ಬೇರೆಯವರ ಕೈಯ ಚಹಾ ಮುಟ್ಟುವುದನ್ನೇ ಬಿಟ್ಟಿತು. ಅದು ತೀರಿಕೊಂಡಾಗ ಜಿಲೋಲಾ ಸ್ವಂತ ಅಜ್ಜಿಗಾಗಿ ಅತ್ತಂತೆ ಅತ್ತಳು. ನಾವು ಊರಿಗೆ ಬಂದೆವು.

ಇಲ್ಲಿ ಅವಳು ಒಂದು ಹೊಲಿಗೆ ಅಂಗಡಿ ಸೇರಿದಳು. ಅಲ್ಲಿನ ಯಂತ್ರ ರಿಪೇರಿಗೆ ಬರುವ ಹುಡುಗನ ಹೆಸರು ದೋನಿಯೋರ್. ಆ ಒಂದು ವರ್ಷದಲ್ಲಿ ಜಿಲೋಲಾಳ ಯಂತ್ರ ಕೆಟ್ಟಷ್ಟು ಊರಲ್ಲಿ ಇನ್ಯಾವ ಯಂತ್ರವೂ ಕೆಟ್ಟಿರಲಿಕ್ಕಿಲ್ಲ. “ಅಮ್ಮಾ, ಅವನಲ್ಲದಿದ್ರೆ ಯಾರೂ ಬೇಡ” ಎಂದು ಹೇಳಿಬಿಟ್ಟಳು. ಹುಡುಗನೂ ತನ್ನ ಮನೆಯಲ್ಲಿ ಹಾಗೇ ಹೇಳಿದ್ದನಂತೆ.

ಒಂದು ಬುಧವಾರ ಬೆಳಿಗ್ಗೆ ಅವನ ತಾಯಿ ಹೋಸಿಯತಕ್ಕ ತನ್ನ ತಂಗಿಯನ್ನು ಕರೆದುಕೊಂಡು, ಹೂವಿನ ಬಟ್ಟೆಯಲ್ಲಿ ಎರಡು ರೊಟ್ಟಿ ಸುತ್ತಿಕೊಂಡು, ಹೆಣ್ಣು ಕೇಳಲು ಬಂದಳು. ಹೋಸಿಯತಕ್ಕ ಕೋಕಂದು ಬಿಟ್ಟು ಹೊರಗೆ ಹೋದವಳಲ್ಲ. ನಾಲಿಗೆ ಮಾತ್ರ ಎಲ್ಲ ಕಡೆ ಹೋಗಿಬರುತ್ತದೆ. ಜಿಲೋಲಾಳನ್ನು ಚಹಾಕ್ಕೆ ಕೂರಿಸಿ ನಾನು ಅಂಗಳದ ತಂದೂರಿನಿಂದ ಮಾಂಸದ ಹೂರಣ ತುಂಬಿದ ಸಂಸಾ ತೆಗೆಯಲು ಹೋದೆ. ತಟ್ಟೆ ಹಿಡಿದು ಬರುತ್ತೇನೆ, ಇಬ್ಬರೂ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾರೆ!

“ಅಯ್ಯೋ ಅಕ್ಕಾ, ಬಿಸಿ ಬಿಸಿ ಇದೆ, ಕೂತ್ಕೊಳ್ಳಿ.”

“ಸಾಕಮ್ಮಾ ನಿಮ್ಮ ಉಪಚಾರ. ಕಂಠಮಟ್ಟ ತುಂಬ್ತು” ಎಂದು ಹೋಸಿಯತಕ್ಕ ಹೊರಟೇ ಹೋದಳು.

ಒಳಗೆ ಹೋಗಿ ನೋಡಿದರೆ ಎರಡು ಬಟ್ಟಲು, ಅಂಚಿನವರೆಗೂ ಚಹಾ, ಯಾರೂ ಮುಟ್ಟಿಲ್ಲ.

“ಏನೇ ಮಾಡ್ದೆ ಇದು?”

ಜಿಲೋಲಾ ಬೇರೆ ಯಾರೋ ಸುರಿದಿದ್ದಾರೇನೋ ಎಂಬಂತೆ ಆ ಬಟ್ಟಲುಗಳನ್ನೇ ನೋಡಿದಳು. “ಅಮ್ಮಾ... ಕೈ ತಾನೇ ತುಂಬಿಬಿಡ್ತು. ನಮ್ಮೋರು ಅನ್ನಿಸ್ತು. ನೆರ್ಮಿನಜ್ಜಿಗೆ ಕೊಟ್ಟ ಹಾಗೆ ಕೊಟ್ಟೆ.”

ಹೊತ್ತು ಮುಳುಗುವುದರೊಳಗೆ ಹೋಸಿಯತಕ್ಕ ಊರೆಲ್ಲ ಹೇಳಿಕೊಂಡು ಬಂದದ್ದನ್ನು ಪಕ್ಕದ ಮನೆಯವಳು ತಂದಳು: ಪರದೇಶದ ದುಡ್ಡು ನಮ್ಮ ತಲೆಗೇರಿದೆ, ಹುಡುಗಿಯೇ ಕೈಯಾರೆ ದಾರಿ ತೋರಿಸಿದಳು, ಶುಕ್ರವಾರ ಹೋಸಿಯತಕ್ಕ ಬೇರೊಂದು ಮನೆಗೆ ಹೆಣ್ಣು ಕೇಳಲು ಹೋಗುತ್ತಾಳೆ. ಜಿಲೋಲಾ ಅಂದು ಊಟ ಮಾಡಲಿಲ್ಲ.

ಬಾಡಿಗೆ ವ್ಯಾನ್ ಓಡಿಸುವ ನನ್ನ ಗಂಡ ಕೋಮಿಲ್ ಮನೆಗೆ ಬಂದು ಎಲ್ಲ ಕೇಳಿ ತಲೆ ಕೆರೆದುಕೊಂಡ.

“ಹೆಣ್ಣಿನ ಕಡೆಯವ್ರು ಮೊದ್ಲು ಹೋಗಿ ಬಾಗ್ಲು ತಟ್ಟೋದು ಎಲ್ಲಾದ್ರೂ ಉಂಟೇನೇ? ನಾಳೆ ಬೀದೀಲಿ ತಲೆ ಎತ್ತೋದು ಹೇಗೆ?”

“ಸಂಬಂಧ ಕೇಳೋಕೆ ಯಾರು ಹೋಗ್ತಾರೆ? ಕೋಪದಲ್ಲಿ ಅವರ ಬಟ್ಟೆ, ರೊಟ್ಟಿ ಇಲ್ಲೇ ಬಿಟ್ಟು ಹೋಗಿದಾರೆ. ಬಟ್ಟೆ ವಾಪಸ್ ಕೊಡೋಕೆ ಯಾರ ಅಪ್ಪಣೆ ಬೇಕು?”

“ರೊಟ್ಟಿ ಹಾಗೇ ವಾಪಸ್ ಕೊಟ್ರೆ ಒಪ್ಪಿಲ್ಲ ಅಂತ್ಲೇ ಅಲ್ವಾ?”

“ಹಾಗೇ ಯಾಕೆ ಕೊಡ್ಬೇಕು? ಮುರಿದು ಕೊಡೋಣ.”

ಅವನು ನನ್ನ ಮುಖ ನೋಡಿದ. ಹೆಣ್ಣಿನ ಮನೆಯಲ್ಲಿ ಆ ರೊಟ್ಟಿ ಮುರಿದರೆ ಮಾತು ಕೊಟ್ಟಂತೆ, ಮತ್ತೆ ಹಿಂದೆಗೆಯುವಂತಿಲ್ಲ. ಆಮೇಲೆ ಮಗಳ ಕೋಣೆಯ ಕಡೆ ನೋಡಿದ. ಕೈ ತೊಳೆದು ಬಂದು ಒಂದು ರೊಟ್ಟಿಯನ್ನು ತಾನೇ ಮುರಿದ.

ಗುರುವಾರ ಬೆಳಿಗ್ಗೆ ಆ ಅರ್ಧ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ನಾನೊಬ್ಬಳೇ ಹೋದೆ. ಹೋಸಿಯತಕ್ಕ ಬಾಗಿಲು ತೆಗೆದಳು. ಕೂರಿಸಿ ಒಂದು ಬಟ್ಟಲು ತೆಗೆದು ಚಹಾ ಸುರಿದಳು, ಸುರಿದಳು, ಅದು ಉಕ್ಕಿ ತಟ್ಟೆಗೆ ಹರಿಯುವವರೆಗೆ ಸುರಿದಳು. ಪಕ್ಕದಲ್ಲಿದ್ದ ಅವಳ ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ನಾನು ನಾಲಿಗೆ ಸುಟ್ಟುಕೊಂಡು ಪೂರ್ತಿ ಕುಡಿದೆ. ಬಟ್ಟಲು ಮುಂದೆ ಹಿಡಿದೆ. “ಇನ್ನೊಂದು ಹಾಕಿ ಅಕ್ಕಾ. ಇಷ್ಟೇ ತುಂಬಿ.”

“ಏಳೋ ಯೋಚ್ನೆ ಇಲ್ವೇನಮ್ಮಾ?”

“ಇಲ್ಲ. ಎರಡು ದೇಶದಲ್ಲಿ ಇಂಥಾ ಚಹಾ ಎಷ್ಟು ಕುಡ್ದಿದೀನಿ, ಒಬ್ರೂ ಓಡಿಸ್ಲಿಲ್ಲ. ನೀವೂ ಓಡಿಸೋಕಾಗಲ್ಲ.”

ಗಾಲ್ಯಾ ಕೊಟ್ಟ ಮಗ್ಗು, ನಾನು ಹಾಕಿಕೊಂಡ ಕೋಟು, ಪಾತ್ರೆ ತೊಳೆಯಲು ಬರಬೇಕಿದ್ದ ನನ್ನ ಅಪ್ಪ, ಎಲ್ಲ ಹೇಳಿದೆ. ತಂಗಿ ನಕ್ಕು ದಿಂಬಿಗೆ ಒರಗಿದಳು. ಹೋಸಿಯತಕ್ಕ ನಗಲಿಲ್ಲ. ನೆರ್ಮಿನಜ್ಜಿಯ ವಿಷಯ ಹೇಳಿದಾಗ ಮಾತ್ರ ಕೇಳಿದಳು:

“ಆ ಮುದುಕಿಗೆ ಕಡೇವರೆಗೂ ನಿಮ್ಮ ಹುಡುಗೀನೇ ಚಹಾ ಕೊಟ್ಟಿದ್ದಾ?”

“ಕಡೇ ವಾರ ಚಮಚದಲ್ಲಿ ಕೊಟ್ಳು. ನಿಮಗೆ ತುಂಬಿದ್ದೂ ಅದೇ ಕೈ.”

ಬಟ್ಟೆ ಬಿಚ್ಚಿ ಅವಳ ಮುಂದಿಟ್ಟೆ. ಅರ್ಧ ರೊಟ್ಟಿಯನ್ನು ಅವಳು ಹತ್ತಿರಕ್ಕೆ ಎಳೆದುಕೊಂಡಳು. ಬೆರಳಿಂದ ಮುರಿದ ಅಂಚನ್ನು ಮುಟ್ಟಿದಳು. ಕೊನೆಗೆ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಅದರ ತಳಕ್ಕೆ ಎರಡೇ ಗುಟುಕು ಚಹಾ ಸುರಿದು, ಎದೆಯ ಮೇಲೆ ಕೈಯಿಟ್ಟು ಕೊಟ್ಟಳು.

“ಕುಡೀರಿ ಬೀಗಿತ್ತಿ. ನಿಧಾನಕ್ಕೆ ಕುಡೀರಿ.”

ಕರಬೂಜದ ಕಾಲ ಮುಗಿಯುತ್ತಲೇ ಮದುವೆಯಾಯಿತು. ಈಗ ಹೋಸಿಯತಕ್ಕ ಬೀದಿಯಲ್ಲಿ ನನ್ನನ್ನು ಕಂಡಾಗಲೆಲ್ಲ, “ನಿಮ್ಮ ಮಗಳು ದಿನಾ ಸಂಜೆ ನನಗೆ ತುಂಬಿದ ಬಟ್ಟಲು ಕೊಟ್ಟು ಮನೆಯಿಂದ ಓಡಿಸ್ತಾಳೆ ಕಣ್ರೀ” ಎಂದು ದೊಡ್ಡ ದನಿಯಲ್ಲಿ ದೂರು ಹೇಳುತ್ತಾಳೆ. ತುಂಬದಿದ್ದರೆ ಅತ್ತೆ ಕುಡಿಯುವುದೇ ಇಲ್ಲವೆಂದು ಜಿಲೋಲಾ ನನಗೆ ಹೇಳಿದ್ದಾಳೆ.

ಮಗಳಿಗೆ ಅವಳು ಬಯಸಿದ ಮನೆ ಸಿಕ್ಕಿತು, ನನಗೆ ಜಗಳಕ್ಕೂ ನಗುವಿಗೂ ಒಬ್ಬ ಬೀಗಿತ್ತಿ ಸಿಕ್ಕಳು. ಪರದೇಶದಲ್ಲಿ ಮೂರು ವರ್ಷ ನನ್ನ ಪಕ್ಕದಲ್ಲೇ ಮಲಗುತ್ತಿದ್ದವಳು ಈಗ ಎರಡು ಬೀದಿ ಆಚೆ ಇದ್ದಾಳೆ. ಸಂಜೆಯ ಚಹಾ ನಾನೇ ಸುರಿದುಕೊಳ್ಳುತ್ತೇನೆ.