ಮೂಲೆ ಹರಿದ ಕಾರ್ಡು

ಸುರೇಬಾನದ ನಮ್ಮ ದನದ ಕೊಟ್ಟಿಗೆಯ ಹಳೆ ಮಾಳಿಗೆ ಇಳಿಸುವಾಗ ಜಂತಿಯ ಸಂದಿನಿಂದ ಒಂದು ಪೋಸ್ಟ್ ಕಾರ್ಡು ಬಿತ್ತು. ಅದರ ಒಂದು ಮೂಲೆ ಹರಿದಿತ್ತು. ನಮ್ಮ ಮನೆತನದಲ್ಲಿ ಮೂಲೆ ಹರಿದ ಕಾರ್ಡೆಂದರೆ ಸಾವಿನ ಸುದ್ದಿ. ಅದನ್ನು ಹೊಸ್ತಿಲು ದಾಟಿಸುವಂತಿಲ್ಲ. ಹೊರಗೇ ಓದಿ, ಹರಿದು ಚೆಲ್ಲಿ, ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬರಬೇಕು. ಇದನ್ನು ಮಾತ್ರ ಯಾರೂ ಹರಿದು ಚೆಲ್ಲಿರಲಿಲ್ಲ.

ಅಪ್ಪನಿಗೆ ತೋರಿಸಿದೆ. ನೋಡಿದವನೇ ಅದನ್ನು ಮುಟ್ಟದೆ ಕಟ್ಟೆಯ ಮೇಲೆ ಕೂತ.

"ನಮ್ಮ ನೀಲಕ್ಕ ಸತ್ತಾಗ ಬಂದ ಕಾರ್ಡ ಇದು," ಅಂದ.

ನೀಲವ್ವ ಅಪ್ಪನ ಅಕ್ಕ. ಲಾರಿ ಓಡಿಸುತ್ತಿದ್ದ ಹಣಮಂತಪ್ಪನ ಜೊತೆ ಬೈಲಹೊಂಗಲಕ್ಕೆ ಓಡಿಹೋದವಳು. ಅಜ್ಜ ಅಂದಾನೆಪ್ಪ ಅವಳ ಹೆಸರೆತ್ತಿದವರನ್ನು ಅಂಗಳದಿಂದಲೇ ಅಟ್ಟುತ್ತಿದ್ದನಂತೆ. ಎರಡು ವರ್ಷದ ಮೇಲೆ, ಬೈಲಹೊಂಗಲದ್ದು ಎಂದು ಹೇಳಿ ಟಪಾಲಿನವನು ಈ ಕಾರ್ಡನ್ನು ಅಂಗಳದಲ್ಲಿಟ್ಟು ನಡೆದ. ಅಜ್ಜನಿಗೆ ಓದಲು ಬರುತ್ತಿತ್ತು. ಆದರೂ ಮೂಲೆ ನೋಡಿ, "ಮುಗೀತು," ಎಂದು ಬಚ್ಚಲಿಗೆ ಹೋದ. ಅಜ್ಜಿ ರಾಚವ್ವನಿಗೆ ಓದು ಬಾರದು, ಮಗಳ ಸುದ್ದಿ ಹೊತ್ತು ತಂದದ್ದನ್ನು ಹರಿಯಲು ಕೈಯೂ ಬರಲಿಲ್ಲ. ಕೊಟ್ಟಿಗೆಯಲ್ಲಿ ಸಿಕ್ಕಿಸಿಟ್ಟಳು. ಅಪ್ಪ ಆಗಿನ್ನೂ ಸಾಲಿಗೆ ಹೋಗದ ಕೂಸು; ಅವಳು ಸಿಕ್ಕಿಸಿದ್ದನ್ನು ನೋಡಿದ್ದನಷ್ಟೆ.

ನಾನು ಧೂಳು ಒರೆಸಿ ಓದಿದೆ.

"ಅವ್ವಗ ನಮಸ್ಕಾರ. ಯಾರ ಕಡಿಂದರ ಓದಿಸಿಕೋ. ಹೆಣ್ಣುಕೂಸು ಹುಟ್ಟಿ ಏಳು ತಿಂಗಳಾತು. ನಿನ್ನ ಹೆಸರ ಇಟ್ಟೇನಿ. ಬರೋ ಸೋಮವಾರ ಕೂಸಿನ್ನ ಎತಗೊಂಡು ರಾಮದುರ್ಗ ಸ್ಟ್ಯಾಂಡಿನಾಗ ಕುಂತಿರತೇನಿ. ಅಪ್ಪ ಬ್ಯಾಡಂದ್ರ ನೀ ಒಬ್ಬಾಕೆರ ಬಾ. ನಿನ್ನ ನೀಲವ್ವ."

ಸತ್ತವರು ಕಾರ್ಡು ಬರೆಯುವುದಿಲ್ಲ. ಅಷ್ಟು ತಿಳಿಯಲು ಅಜ್ಜ ಒಂದು ಸಾಲು ಓದಿದ್ದರೆ ಸಾಕಿತ್ತು. ಅವನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಬದುಕಿದ್ದವಳಿಗೆ ನಾವು ವರ್ಷಾ ವರ್ಷಾ ಹಿರಿಯರ ಹಬ್ಬದಲ್ಲಿ ಸೀರೆ ಇಟ್ಟು ಎಡೆ ಹಿಡಿದಿದ್ದೇವೆ. ಆ ಎಡೆಯ ಹೋಳಿಗೆಗಾಗಿ ನಾನು ತಮ್ಮನ ಜೊತೆ ಜಗಳವಾಡಿದ್ದೇನೆ.

"ನೀನ ಹೋಗಿ ಬಾರವ್ವ," ಅಂದ ಅಪ್ಪ. "ನಾ ಯಾವ ಮಾರಿ ತಗೊಂಡ ಹೋಗ್ಲಿ?"

ಬೈಲಹೊಂಗಲದಲ್ಲಿ ಲಾರಿ ಹಣಮಂತಪ್ಪನ ಮನೆ ಅಂದರೆ ಈಗಲೂ ಬೆರಳು ಮಾಡಿ ತೋರಿಸುತ್ತಾರೆ. ಕಟ್ಟೆಯ ಮೇಲೆ ಒಬ್ಬ ಮುದುಕಿ ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದಳು. ಅಪ್ಪನದೇ ಮೂಗು. ಕೇಳುವುದೇ ಬೇಕಿರಲಿಲ್ಲ.

"ನಾ ಸುರೇಬಾನದ ವಿರೂಪಾಕ್ಷಪ್ಪನ ಮಗಳ್ರಿ, ಅತ್ತಿ," ಅಂದೆ.

ಆರಿಸುವ ಕೈ ನಿಲ್ಲಲಿಲ್ಲ. "ಐವತ್ತು ವರ್ಷದ ಮ್ಯಾಲೆ ದಾರಿ ಸಿಕ್ತೇನು ನಿಮಗ? ಆ ಸೋಮವಾರ ಮುಂಜಾನಿಂದ ಕಡೀ ಬಸ್ಸಿನ ತನಕಾ ಕುಂತಿದ್ದೆ. ಅಪ್ಪಂದು ಬಿಡು. ಹಡದಾಕಿಗೂ ಹೊಟ್ಟಿ ಚುರ್ ಅನ್ನಲಿಲ್ಲ. ಅವತ್ತ ಅಕಿ ನನ್ನ ಪಾಲಿಗೆ ಸತ್ತಳು. ಸುರೇಬಾನದ ಕಡಿ ಮಂದಿ ಎದುರಿಗೆ ಬಂದ್ರೂ ಮಾರಿ ತಿರುವಿ ಹೋಗೇನಿ."

ನಾನು ಚೀಲದಿಂದ ಕಾರ್ಡು ತೆಗೆದೆ. "ಅಜ್ಜಿ ಮರುವರ್ಷನ ತೀರಿಕೊಂಡಳ್ರಿ. ನೀವ ಸತ್ತೀರಿ ಅಂತ ತಿಳಕೊಂಡು, ಅನ್ನಾ ನೀರಾ ಬಿಟ್ಟು." ಕಾರ್ಡು ಅವಳ ಕೈಗೆ ಕೊಟ್ಟೆ. ಅದನ್ನು ಯಾರೂ ಓದಲಿಲ್ಲವೆಂದು ಹೇಳಿದೆ.

ಹರಿದ ಮೂಲೆಯ ಮೇಲೆ ಅತ್ತೆ ಬೆರಳಾಡಿಸಿದಳು.

"ಬರಿಯೂಮುಂದ ಕೂಸು ತೊಡಿ ಮ್ಯಾಲಿತ್ತು," ಅಂದಳು. "ಕಸಗೊಂಡು, ಹರದು, ಬಾಯಾಗ ಇಟಗೊಂಡಿತು. ಬಸ್ಸಿನ್ಯಾಗ ಹೊಂಟವರ ಕೈಯಾಗ ಟಪಾಲಿಗೆ ಕೊಡೂದಿತ್ತು, ಇನ್ನೊಂದು ಬರಿಯಾಕ ಹೊತ್ತಿರಲಿಲ್ಲ. ಅಪಶಕುನ ಆಗಬಾರದಂತ ಉಳದ ಮೂಲಿಗೆಲ್ಲಾ ಅರಿಷಿಣ ಹಚ್ಚಿದ್ದೆ."

ಹಳದಿ ಕಾರ್ಡಿನ ಮೇಲೆ ಅರಿಷಿಣ ಯಾರಿಗೆ ಕಂಡೀತು? ಅದು ಅವಳಿಗೂ ಆಗಲೇ ಹೊಳೆಯಿತು. ಸೆರಗು ಬಾಯಿಗೊತ್ತಿಕೊಂಡು, "ಯವ್ವಾ, ನನ್ನವ್ವಾ," ಎಂದು ಬಿಕ್ಕಿದಳು. ಹಡೆದವಳನ್ನು ಐವತ್ತು ವರ್ಷ ಬೈದುಕೊಂಡು ಬದುಕಿದವಳ ದುಃಖ ಅದು. ಸಮಾಧಾನ ಹೇಳಲು ಹೋದವಳು ನಾನೂ ಅತ್ತುಬಿಟ್ಟೆ.

ಸಪ್ಪಳ ಕೇಳಿ ಒಳಗಿಂದ ಮಗಳು ಓಡಿ ಬಂದಳು. ಅಜ್ಜಿಯ ಹೆಸರಿನ ರಾಚವ್ವ. ತಲೆ ಅರ್ಧ ಬೆಳ್ಳಗಾಗಿದೆ, ಕೈಗೆಲ್ಲ ಜೋಳದ ಹಿಟ್ಟು. ಕಾರ್ಡು ಇಸಿದುಕೊಂಡು ಓದಿದಳು.

"ಇದು ಮುಟ್ಟಿದ್ರೂ ಅಜ್ಜಿ ಯಾಕ ಬರಲಿಲ್ಲ ಬೇ? ಮೂಲಿ ಹೆಂಗ ಹರದೈತಿ?"

ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

"ಟಪಾಲಿನ ಚೀಲದಾಗ ಇಲಿ ಕಡದೈತೆವ್ವ," ಅಂದಳು ಮಗಳಿಗೆ. "ನೀ ಒಳಗ ಹೋಗು, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕ ಹತ್ತೈತಿ."