ವಯರ್ ಎಳೆದು ನೋಡಿದ್ದು

ಕಾಶಿ ಬಾಟಲಿಯ ಮುಚ್ಚಳ ತಿರುಗಿಸಿ ಹೆಣದ ತುಟಿಗೆ ಬಗ್ಗಿಸುವಷ್ಟರಲ್ಲಿ ಹೀರಾ ಗಂಡನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಫೆನಿ ಸಾರಾಯಿ ಅವಳ ಬೆರಳ ಮೇಲೆ ಬಿತ್ತು.

"ಬೇಡ ಕಾಶಿ ಭಾವ. ಅವರು ಕುಡೀತಿರಲಿಲ್ಲ."

ಅಂಗಳದಲ್ಲಿ ನೆರೆದವರು ಮುಖ ಮುಖ ನೋಡಿಕೊಂಡರು. ಅಂಕೋಲೆ ಹತ್ತಿರದ ಕೇಣಿಯ ಆ ಕೇರಿಯಲ್ಲಿ ಸತ್ತವನಿಗೆ ಇಷ್ಟವಾದದ್ದನ್ನು ಬಾಯಿಗೆ ಮುಟ್ಟಿಸಿಯೇ ಕಳಿಸುವುದು. ಚಾ ಪ್ರೀತಿಯವರಿಗೆ ಚಾ, ಕುಡಿಯುವವರಿಗೆ ಎರಡು ಹನಿ. ಕಾಶಿ ಅವಳ ಗಂಡ ಹೊನ್ನನ ದೊಡ್ಡಪ್ಪನ ಮಗ. ಪಾಪ, ಅಕ್ಕರೆಯಿಂದಲೇ ತಂದಿದ್ದ. ಅದೇ ಹೀರಾಳ ಹೊಟ್ಟೆಗೆ ಬೆಂಕಿ ಇಟ್ಟಿತ್ತು. ಮಾಜಾಳಿಗೆ ಕೊಟ್ಟ ಮಗಳನ್ನು ನೋಡಲು ಹೋದ ಹೊನ್ನ ನಿನ್ನೆ ಕತ್ತಲಾದ ಮೇಲೆ ವಾಪಸು ಬರುವಾಗ, ಊರ ಮೋರಿಯ ಹತ್ತಿರ ಬುಲೆಟ್ ಸಮೇತ ಕೆಳಗೆ ಬಿದ್ದು, ತಲೆ ಕಲ್ಲಿಗೆ ಬಡಿದು ಸತ್ತಿದ್ದ. ಊರವರಿಗೆ ಮಾಜಾಳಿ ಎಂದರೆ ಗಡಿ, ಗಡಿ ಎಂದರೆ ಗೋವಾದ ಸಾರಾಯಿ. ಹಳೇ ಕುಡುಕ, ಅಲ್ಲಿವರೆಗೆ ಹೋದವ ಒಣ ಬಾಯಲ್ಲಿ ಬರುತ್ತಾನೆಯೇ ಎಂದು ಬೆಳಗಿನಿಂದ ಪಿಸುಪಿಸು ನಡೆದೇ ಇತ್ತು.

ಅದು ಸುಳ್ಳೆಂದು ಹೀರಾಳಷ್ಟೇ ಚೆನ್ನಾಗಿ ಬಲ್ಲವನೆಂದರೆ ಅವಳ ತಮ್ಮ ದತ್ತಾ. ಕುಡಿತದ ಕಾಲದಲ್ಲಿ ಭಾವನನ್ನು ಗಟಾರದಿಂದ ಎತ್ತಿ ತಂದವನೂ ಅವನೇ, ಇನ್ನು ಮುಟ್ಟುವುದಿಲ್ಲವೆಂದು ದೇವರ ಮುಂದೆ ಹೊನ್ನ ಆಣೆ ಇಟ್ಟಾಗ ಪಕ್ಕದಲ್ಲಿ ನಿಂತವನೂ ಅವನೇ. ಒಂದು ಮಾತು ಆಡಬಾರದೆ? ದತ್ತಾ ತೆಂಗಿನ ಮರಕ್ಕೆ ಒರಗಿ ನೆಲ ನೋಡುತ್ತಿದ್ದ. ಯಾಕೆಂದು ಹೀರಾಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಅವಳ ಸಂಕಟ.

*

ಕುಡಿತ ಬಿಟ್ಟ ಮೇಲೆ ಹೊನ್ನ ಆ ಹಳೇ ಬುಲೆಟ್ ತಂದಿದ್ದ. ಹಗಲು ಮೀನಿನ ಬುಟ್ಟಿ ಹೇರಿಕೊಂಡು ಅಂಕೋಲೆ ಪೇಟೆಗೆ. ಸಂಜೆ ಕೈಗೆ ಏನಾದರೂ ಬೇಕಲ್ಲ, ಬಟ್ಟೆ ಹಿಡಿದು ಅದನ್ನು ಒರೆಸುತ್ತಾ ಕೂರುವುದು. ಹೀರಾ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಕಾರವಾರದಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಮಗ ನಿತಿನ, ದೀಪಾವಳಿಗೆ ಬಂದವ, ಹಳೇ ಡೈನಮೋ ತೆಗೆದು ಬ್ಯಾಟರಿ ಚಾರ್ಜ್ ಮಾಡುವ ಹೊಸ ಸೆಟ್ಟು, ಕರೆಂಟನ್ನು ಹದದಲ್ಲಿಡುವ ಹೊಸ ಡಬ್ಬಿ ಕೂರಿಸಿದ. ಚಾರ್ಜಿಂಗ್ ನೋಡಬೇಕಾದರೆ ಮೀಟರ್ ಹಾಕಿ ನೋಡಿ, ಇಂಜಿನ್ ಓಡುವಾಗ ಬ್ಯಾಟರಿ ವಯರ್ ಮಾತ್ರ ಎಳೆಯಬೇಡಿ, ಡಬ್ಬಿ ಸುಟ್ಟುಹೋಗುತ್ತದೆ ಎಂದು ಮೀಟರನ್ನೂ ಬಿಟ್ಟು ಹೋಗಿದ್ದ.

ಹೋದ ವಾರ ಲೈಟು ಸ್ವಲ್ಪ ಮಂಕೆಂದು ಹೊನ್ನ ದತ್ತಾನನ್ನು ಕರೆದ. ದತ್ತಾನದು ಅಂಕೋಲೆಯಲ್ಲಿ ಗ್ಯಾರೇಜು. ಗಾಡಿ ಓಡುತ್ತಿರುವಾಗಲೇ ಬ್ಯಾಟರಿ ವಯರ್ ಎಳೆಯುವುದು, ಇಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿ ಎನ್ನುವುದು ಅವನ ಲಾಗಾಯ್ತಿನ ಉಪಾಯ. ಹೊನ್ನ ಮೀಟರ್ ಹಿಡಿದುಕೊಂಡೇ ನಿಂತಿದ್ದ.

"ನಿತಿನ ಎಂತದೋ ಬೇರೆ ಹಾಕಿದ್ದಾನೆ ಮಾರಾಯ. ಎಳೂಕಾಗೂದಿಲ್ಲ ಹೇಳಿ ಹೇಳ್ದ."

ದತ್ತಾ ನಕ್ಕ. ನಿನ್ನೆ ಮೊನ್ನೆ ಹುಟ್ಟಿದವನಿಂದ ತಾನು ಕಲಿಯಬೇಕಾ ಎಂದು ವಯರ್ ಎಳೆದೇಬಿಟ್ಟ. ಲೈಟು ಭಗ್ಗನೆ ಉರಿಯಿತು, ಇಂಜಿನ್ ನಿಲ್ಲಲಿಲ್ಲ. "ನೋಡು ಭಾವ, ಗಟ್ಟಿ ಅದೆ," ಎಂದು ಚಾ ಕುಡಿದು ಹೋದ.

ಆಮೇಲಾದರೂ ಮೀಟರ್ ಹಾಕಿ ನೋಡಿ ಎಂದು ಹೀರಾ ಗಂಡನಿಗೆ ಅಂದಳು. ದತ್ತಾ ಸರಿಯೆಂದ ಮೇಲೆ ನೋಡಿದರೆ ಅವನಿಗೆ ಬೇಜಾರಾಗುತ್ತದೆ, ಬಿಡು ಎಂದ ಹೊನ್ನ. ಯಾರ ಮನಸ್ಸನ್ನೂ ನೋಯಿಸದೆ ಬದುಕಿದ ಮನುಷ್ಯ. ಅದೇ ಮುಳುವಾಯಿತು.

*

ಕಾಶಿ ಇನ್ನೂ ಬಾಟಲಿ ಹಿಡಿದು ನಿಂತಿದ್ದ. ಗಂಡನ ಮಾನ ಉಳಿಸಿದರೆ ತಮ್ಮನದು ಹೋಗುತ್ತದೆ. ಸುಮ್ಮನಿದ್ದರೆ ಈ ಮನುಷ್ಯ ಕುಡುಕನಾಗಿಯೇ ಬೂದಿಯಾಗುತ್ತಾನೆ. ಹೀರಾ ಇನ್ನೊಮ್ಮೆ ದತ್ತಾನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ.

"ನಿತಿನಾ, ಮೀಟರ್ ತಗಂಡು ಬಾ. ನಿನ್ನ ಅಪ್ಪನ ಗಾಡಿ ನೋಡು."

ಹೆಣ ಇಟ್ಟುಕೊಂಡು ಎಂತದಿದು ಎಂದು ಹಿರಿಯರು ಗೊಣಗಿದರು. ಹೀರಾ ಜಗ್ಗಲಿಲ್ಲ. ಮೋರಿಯಿಂದ ತಂದು ಅಂಗಳದ ಮೂಲೆಯಲ್ಲಿ ನಿಲ್ಲಿಸಿದ್ದ ಬುಲೆಟ್ಟಿನ ಬ್ಯಾಟರಿ ಪೂರ್ತಿ ಸತ್ತಿತ್ತು. ನಿತಿನ ಪಕ್ಕದ ಮನೆಯ ಸ್ಕೂಟರಿನ ಸಣ್ಣ ಬ್ಯಾಟರಿ ತಂದು ಜೋಡಿಸಿ ಕಿಕ್ ಹೊಡೆದ. ಹ್ಯಾಂಡಲ್ ಸೊಟ್ಟಗಾಗಿದ್ದರೂ ಗಾಡಿ ಶುರುವಾಯಿತು. ಒಡೆದ ಗಾಜಿನೊಳಗೆ ಲೈಟು ಹೊತ್ತಿತು. ಮೀಟರಿನ ಮುಳ್ಳು ಹನ್ನೆರಡರಲ್ಲಿ ನಿಂತಿತು. ಆಕ್ಸಿಲರೇಟರ್ ತಿರುಗಿಸಿದ, ಹದಿನಾಲ್ಕರ ಹತ್ತಿರ ಏರಬೇಕಾದ ಮುಳ್ಳು ಕದಲಲಿಲ್ಲ.

"ಚಾರ್ಜೇ ಆಗ್ತಿಲ್ಲ," ಎಂದ ನಿತಿನ. "ಬರ್ತಾ ಬರ್ತಾ ಬ್ಯಾಟರಿ ಖಾಲಿಯಾಗಿ ಲೈಟು ಹೋಗ್ಯದೆ. ಕತ್ತಲಲ್ಲಿ ಮೋರಿ ಕಾಣ್ಲಿಲ್ಲ ಅಪ್ಪನಿಗೆ. ಡಬ್ಬಿ ಸುಟ್ಟದೆ. ಯಾರು ಇದಕ್ಕೆ ಕೈ ಹಾಕಿದ್ದು?"

ಕಾಶಿ ಬಾಟಲಿಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡ. ಹೀರಾ ಬಾಯಿ ತೆರೆಯಲಿಲ್ಲ. ತನ್ನಿಂದ ಇಷ್ಟೇ ಸಾಧ್ಯ, ಇನ್ನೊಂದು ಮಾತು ಬಂದರೆ ತಾನು ತವರಿಲ್ಲದವಳಾಗುತ್ತೇನೆ ಎಂದುಕೊಂಡಳು.

"ನಾನು," ಎಂದ ದತ್ತಾ.

ಚಟ್ಟ ಎತ್ತುವಾಗ ಅವನು ಹೆಗಲು ಕೊಡಲು ಬಂದ. ನಿತಿನ ಬೆಂಕಿಯ ಮಡಕೆ ಹಿಡಿದು ನಿಂತಲ್ಲಿಂದಲೇ, "ಮಾಮ, ನೀವು ಬರೂದು ಬೇಡ," ಎಂದ. ಗಂಡಸರೆಲ್ಲ ಸಮುದ್ರದ ದಂಡೆಯ ಕಡೆ ನಡೆದರು, ಹೆಂಗಸರು ಅಳುತ್ತಾ ಮೀಯಲು ಬಾವಿಕಟ್ಟೆಗೆ ಹೋದರು. ಅಂಗಳದಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಗಡಿಬಿಡಿಯಲ್ಲಿ ಬುಲೆಟ್ಟನ್ನು ಯಾರೂ ನಿಲ್ಲಿಸಿರಲಿಲ್ಲ; ಅದು ಓಡುತ್ತಲೇ ಇತ್ತು.

ದತ್ತಾ ಗಾಡಿಯ ಹತ್ತಿರ ಹೋಗಿ, "ಅಕ್ಕ, ಬಂದ್ ಮಾಡ್ಲಾ?" ಎಂದ.

"ಬೇಡ. ಕೂತ್ಕ. ನೋಡು."

ದತ್ತಾ ಕೂತ. ಹೀರಾ ಅವನ ಮಣಿಕಟ್ಟು ಹಿಡಿದುಕೊಂಡಳು, ಎದ್ದು ಹೋಗಲಾಗದಷ್ಟು ಬಿಗಿಯಾಗಿ. ಸ್ಕೂಟರಿನ ಸಣ್ಣ ಬ್ಯಾಟರಿ ಇಳಿಯುತ್ತಾ ಬಂದಂತೆ ಬೆಳ್ಳಗಿದ್ದ ಲೈಟು ಹಳದಿಯಾಯಿತು, ಆಮೇಲೆ ಕೆಂಪಾಯಿತು. ದತ್ತಾ ಮುಖ ತಿರುಗಿಸಿದ. ಹೀರಾ ಇನ್ನೊಂದು ಕೈಯಿಂದ ಅವನ ಗದ್ದ ಹಿಡಿದು ಮುಖವನ್ನು ಮತ್ತೆ ಆ ಲೈಟಿನ ಕಡೆಗೇ ತಿರುಗಿಸಿದಳು.